ಕೊಡಗಿನ ಮಳೆ ರಜೆ, ಮನೆಯೊಳಗಿನ ಮಳೆಗಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಪ್ರಶ್ನೆಗಳೂ ಶುರುವಾಗುತ್ತವೆ. ಬೆಂಗಳೂರು, ಮೈಸೂರಿನ ನೆಂಟರು ಕೇಳುತ್ತಾರೆ. ಹೊಸದಾಗಿ ವರ್ಗವಾಗಿ ಬಂದ ಟೀಚರ್‌ಗಳು, ಬ್ಯಾಂಕಿನವರು ಕೇಳುತ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಹೆಣ್ಣುಮಕ್ಕಳು ಎಲ್ಲರಿಗಿಂತ ಜಾಸ್ತಿ ಕೇಳುತ್ತಾರೆ. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು, ಮಡಿಕೇರಿ ಕಡೆಯ ನಮ್ಮ ಮನೆಯ ರೂಢಿಯಂತೆ ಉತ್ತರ ಬರೆದಿದ್ದೇನೆ.

## ಮೊದಲ ಮಳೆಗಾಲದವರಿಗೆ

ಕರ್ನಾಟಕದ ಕಾಶ್ಮೀರ ಅಂತಾರಲ್ಲ, ನಿಮ್ಮಲ್ಲಿ ಹಿಮ ಬೀಳುತ್ತಾ?

ಇಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟ 1,748 ಮೀಟರ್. ನಾವಿರುವ ಉಷ್ಣವಲಯದಲ್ಲಿ ಹಿಮಕ್ಕೆ ಈ ಎತ್ತರ ಸಾಲದು. ಮಾರ್ಚ್, ಏಪ್ರಿಲ್ ಮಳೆಯಲ್ಲಿ ಕೆಲವೊಮ್ಮೆ ಆಲಿಕಲ್ಲು ಬಿದ್ದು ಅಂಗಳ ಬೆಳ್ಳಗಾಗುತ್ತದೆ. ಆ ಫೋಟೊ ನೋಡಿ ಹಿಮ ಎಂದುಕೊಂಡು ಸ್ವೆಟರ್ ಕಟ್ಟಿಕೊಂಡು ಬರಬೇಡಿ. ಬೇರೆ ದೇಶದಲ್ಲಿ ಹಿಮ ಬಿದ್ದು ಶಾಲೆಗೆ ರಜೆ ಕೊಡುತ್ತಾರೆ, ನಮ್ಮಲ್ಲಿ ಮಳೆ ಸುರಿದು ರಜೆ ಕೊಡುತ್ತಾರೆ. ಮನೆಯೊಳಗೆ ಕೂತು ಚಳಿ ಕಾಯಿಸುವ ಕೆಲಸ ಮಾತ್ರ ಎರಡೂ ಕಡೆ ಒಂದೇ.

ಹಾಗಾದ್ರೆ ಡಿಸೆಂಬರ್ ಚಳಿ ಕಷ್ಟವೋ, ಜುಲೈ ಚಳಿಯೋ?

ಥರ್ಮಾಮೀಟರ್ ನೋಡಿದರೆ ಡಿಸೆಂಬರ್, ಜನವರಿ ರಾತ್ರಿಯೇ ಜಾಸ್ತಿ ತಣ್ಣಗೆ. ಆದರೆ ಆಗ ಬೆಳಿಗ್ಗೆ ಮಂಜು ಕರಗಿದ ಮೇಲೆ ಬಿಸಿಲು ಬರುತ್ತದೆ, ಕಾಫಿ ಕಣದಲ್ಲಿ ಒಣಗುತ್ತದೆ, ಹಾಸಿಗೆಯೂ ಒಣಗುತ್ತದೆ. ಜುಲೈನಲ್ಲಿ ಹಾಸಿಗೆ, ದಿಂಬು, ಗೋಡೆ, ಉಪ್ಪು ಎಲ್ಲವೂ ಒದ್ದೆ. ನನ್ನನ್ನು ಕೇಳಿದರೆ ಜುಲೈ ಚಳಿಯೇ ಕಷ್ಟ.

ಇಡೀ ಕೊಡಗಿಗೆ ಒಂದೇ ಥರ ಮಳೆನಾ?

ಅಲ್ಲವೇ ಅಲ್ಲ. ಪಶ್ಚಿಮದ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಸುರಿಯುವುದೇ ಬೇರೆ, ಪೂರ್ವದ ಕುಶಾಲನಗರದಲ್ಲಿ ಬೀಳುವುದೇ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಇತ್ತ ಕುಶಾಲನಗರದವರು ಅದೇ ದಿನ ಬಟ್ಟೆ ಹೊರಗೆ ಒಣಹಾಕಿರುತ್ತಾರೆ. ಆದ್ದರಿಂದ ಕುಶಾಲನಗರದಲ್ಲಿರುವ ಅತ್ತೆ ಫೋನಿನಲ್ಲಿ "ಇಲ್ಲಿ ಏನೂ ಇಲ್ಲಪ್ಪ, ಬನ್ನಿ" ಎಂದರೆ ಅದನ್ನು ಮಡಿಕೇರಿಯ ಹವಾಮಾನ ವರದಿ ಎಂದುಕೊಳ್ಳಬೇಡಿ.

ಮಳೆ ರಜೆ ಯಾರು ಕೊಡೋದು? ಯೂನಿಫಾರಂ ಹಾಕಿಸಿ ಆದ್ಮೇಲೆ ಗೊತ್ತಾಗುತ್ತಲ್ಲ!

ಜಿಲ್ಲಾಧಿಕಾರಿಗಳ ಆದೇಶ ಬರಬೇಕು. ಸಾಮಾನ್ಯವಾಗಿ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಅನ್ವಯ. ಕೆಲವು ಸಲ ಇಡೀ ಜಿಲ್ಲೆಗೆ, ಕೆಲವು ಸಲ ಒಂದೆರಡು ತಾಲ್ಲೂಕಿಗೆ ಮಾತ್ರ. ಹಿಂದಿನ ರಾತ್ರಿಯೇ ಆದೇಶ ಬಂದರೆ ಪುಣ್ಯ. ಬೆಳಿಗ್ಗೆ ಏಳು ಗಂಟೆಗೆ ಬಂದರೆ ಅಷ್ಟು ಹೊತ್ತಿಗೆ ಡಬ್ಬಿಗೆ ತಿಂಡಿ ತುಂಬಿ ಆಗಿರುತ್ತದೆ.

ವಾಟ್ಸ್ಆ್ಯಪಿನಲ್ಲಿ ಹಳೇ ವರ್ಷದ ಆದೇಶಗಳು ಪ್ರತಿ ಜುಲೈನಲ್ಲೂ ಮತ್ತೆ ಹುಟ್ಟಿ ಬರುತ್ತವೆ. ಮೊದಲು ತಾರೀಕು, ವರ್ಷ, ಸಹಿ ನೋಡಿ. ಶಾಲೆಯ ಗ್ರೂಪಿನಲ್ಲಿ ಟೀಚರ್ ಹಾಕಿದ್ದಾರಾ ನೋಡಿ. ನೆಟ್ ಇಲ್ಲದಿದ್ದರೆ ಮಡಿಕೇರಿ ಆಕಾಶವಾಣಿ ಕೇಳಿ. ರಜೆ ಸಿಕ್ಕಿತೆಂದು ಮಕ್ಕಳು ಕುಣಿಯುತ್ತಾರೆ, ಸರಿ. ಆ ಪಾಠವನ್ನು ಮುಂದೆ ಶನಿವಾರ ಇಡೀ ದಿನ ಕೂರಿಸಿ ಮುಗಿಸುತ್ತಾರೆ ಎನ್ನುವುದನ್ನು ಅವತ್ತೇ ಹೇಳಬೇಡಿ.

ಆದೇಶ ಬಾರದ ದಿನವೂ ನಿಮ್ಮ ದಾರಿಯ ತೋಡು, ಅಂದರೆ ಸಣ್ಣ ಹಳ್ಳ, ತುಂಬಿ ಹರಿಯುತ್ತಿದ್ದರೆ ಮಗುವನ್ನು ಕಳಿಸಬೇಡಿ. ನಿಮ್ಮ ಮನೆಯ ತೋಡು ಮಡಿಕೇರಿಯ ಕಚೇರಿಗೆ ಕಾಣಿಸುವುದಿಲ್ಲ. ಟೀಚರಿಗೆ ಒಂದು ಫೋನ್ ಮಾಡಿದರೆ ಸಾಕು.

ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಅಂದ್ರೆ ಎಷ್ಟು ಮಳೆ? ನಿಮ್ಮೂರಲ್ಲಿ ಇಂಚು, ಸೆಂಟ್ ಅಂತಾರೆ, ತಲೆಬುಡ ಅರ್ಥ ಆಗಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಬಣ್ಣಗಳು ನಾವು ಏನು ಮಾಡಬೇಕು ಎಂದು ಹೇಳುತ್ತವೆ: ಯೆಲ್ಲೋ ಎಂದರೆ ಗಮನ ಇಡಿ, ಆರೆಂಜ್ ಎಂದರೆ ತಯಾರಾಗಿರಿ, ರೆಡ್ ಎಂದರೆ ಕ್ರಮ ತೆಗೆದುಕೊಳ್ಳಿ.

ತೋಟದವರದ್ದು ಇಂಚಿನ ಲೆಕ್ಕ. ಒಂದು ಇಂಚೆಂದರೆ 25.4 ಮಿಲಿಮೀಟರ್, ಅದರ ನೂರನೇ ಒಂದು ಭಾಗ ಒಂದು ಸೆಂಟ್. "ನಿನ್ನೆ ಎರಡೂವರೆ ಇಂಚು" ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಹೆಚ್ಚುಕಡಿಮೆ ಭಾರಿ ಮಳೆಯ ಗೆರೆ ಮುಟ್ಟಿತು. ಎಂಟು ಇಂಚು ದಾಟಿದರೆ ರೆಡ್ ಅಲರ್ಟಿನ ಮಳೆ. ಕೊಡಗಿನಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುವ ಅಜ್ಜಂದಿರು ತುಂಬಾ ಮಂದಿ ಇದ್ದಾರೆ. ನಿಮ್ಮ ಹತ್ತಿರದ ತೋಟದಲ್ಲಿ ಅಂಥವರಿದ್ದರೆ ಪರಿಚಯ ಮಾಡಿಕೊಳ್ಳಿ. ಟೀವಿಯವರಿಗಿಂತ ಮೊದಲು ವಿಷಯ ಗೊತ್ತಾಗುತ್ತದೆ.

## ಮನೆಯೊಳಗೆ

ಬಟ್ಟೆ ಒಣಗೋದೇ ಇಲ್ಲ ಅಕ್ಕಾ, ನೀವೆಲ್ಲಾ ಹೇಗೆ ಮಾಡ್ತೀರಾ?

ಮೊದಲನೆಯದಾಗಿ, ಕಡಿಮೆ ಒಗೆಯುತ್ತೇವೆ. ಮಳೆಗಾಲದಲ್ಲಿ ಜೀನ್ಸ್ ಮುಟ್ಟುವುದಿಲ್ಲ. ಮಕ್ಕಳಿಗೆ ಯೂನಿಫಾರಂ ಒಂದು ಜೊತೆ ಜಾಸ್ತಿ ಹೊಲಿಸುತ್ತೇವೆ. ವಾಷಿಂಗ್ ಮಷಿನ್ ಇದ್ದರೆ ಎರಡನೇ ಸಲವೂ ಹಿಂಡಿಸಿ ತೆಗೆಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ಬಚ್ಚಲು ಒಲೆ. ಹಂಡೆಗೆ ಬೆಂಕಿ ಹಾಕುವ ಮನೆಗಳಲ್ಲಿ ಅದರ ಮೇಲೆ ಗಳ ಕಟ್ಟಿ ಬಟ್ಟೆ ಹರಡುತ್ತಾರೆ. ಕಿಡಿ ಹಾರಿದರೂ ತಾಗದಷ್ಟು ಎತ್ತರ ಇರಬೇಕು. ನೈಲಾನ್, ಪಾಲಿಯೆಸ್ಟರ್ ಅಲ್ಲಿ ಬೇಡವೇ ಬೇಡ. ಬಟ್ಟೆಗೆಲ್ಲಾ ಹೊಗೆ ವಾಸನೆ ಹಿಡಿಯುತ್ತದೆ, ನಿಜ. ಜುಲೈನಲ್ಲಿ ಕ್ಲಾಸಿನ ಎಲ್ಲ ಮಕ್ಕಳ ಮೇಲೂ ಅದೇ ವಾಸನೆ ಇರುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಒಲೆ ಇಲ್ಲದ ಬಾಡಿಗೆ ಮನೆಯಾದರೆ ಒಂದು ಕೋಣೆಯನ್ನು ಬಟ್ಟೆಗೇ ಬಿಡಿ. ಫ್ಯಾನ್ ಹಾಕಿ, ಕಿಟಕಿ ಒಂದಿಷ್ಟು ತೆರೆದಿಡಿ. ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ಒಣಹಾಕಿದರೆ ಬಟ್ಟೆಯ ನೀರೆಲ್ಲ ಗೋಡೆಗೆ ಹೋಗಿ ಕೂರುತ್ತದೆ. ಶೂ ಒಳಗೆ ಹಳೇ ಪೇಪರ್ ತುರುಕಿ ರಾತ್ರಿಯೊಮ್ಮೆ ಬದಲಾಯಿಸಿ. ಒಲೆ ಪಕ್ಕ ಇಟ್ಟರೆ ಬೇಗ ಒಣಗುತ್ತದೆ, ಬೇಗ ಬಾಯಿಯೂ ಬಿಡುತ್ತದೆ.

ರಾತ್ರಿ ರೂಮಲ್ಲಿ ಕೆಂಡ ಇಟ್ಕೊಂಡು ಮಲಗಬಹುದಾ? ಬಾಗಿಲು ಹಾಕಿದ್ರೆ ಎಷ್ಟು ಬೆಚ್ಚಗಿರುತ್ತೆ!

ಬೇಡ. ಈ ಇಡೀ ಪಟ್ಟಿಯಲ್ಲಿ ಒಂದೇ ಉತ್ತರ ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಇದ್ದಿಲು, ಕೆಂಡ ಅರೆಬರೆ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಹೊಗೆಯಾದರೆ ಕೆಮ್ಮು ಬಂದು ಎಚ್ಚರವಾಗುತ್ತದೆ, ಇದರಲ್ಲಿ ಹಾಗಾಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ.

"ನಮ್ಮ ಅಜ್ಜಿ ಕಾಲದಲ್ಲಿ ಇಡ್ತಿದ್ರು" ಎನ್ನುತ್ತಾರೆ. ಅಜ್ಜಿಯ ಮನೆಗೆ ಹೆಂಚಿನ ಮಾಡು ಇತ್ತು, ಸಂದುಗೊಂದಿನಲ್ಲೆಲ್ಲ ಗಾಳಿ ಆಡುತ್ತಿತ್ತು. ಈಗಿನ ಕಾಂಕ್ರೀಟ್ ತಾರಸಿ, ಅಲ್ಯೂಮಿನಿಯಂ ಕಿಟಕಿಯ ರೂಮಿನಲ್ಲಿ ಗಾಳಿ ಎಲ್ಲಿಂದ ಬರಬೇಕು? ಬೆಂಕಿ ಕಾಯಿಸಬೇಕೆಂದರೆ ಅಡುಗೆಮನೆಯಲ್ಲಿ, ಬಾಗಿಲು ತೆರೆದು, ಎಲ್ಲರೂ ಎಚ್ಚರ ಇರುವಾಗ ಕಾಯಿಸಿ. ಮಲಗುವ ಮುಂಚೆ ಕೆಂಡ ಆರಿಸಿ, ಬಿಸಿನೀರಿನ ಚೀಲ ಟವೆಲ್ಲಿನಲ್ಲಿ ಸುತ್ತಿ ಹಾಸಿಗೆಯಲ್ಲಿಡಿ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಟ್ಟವರಿಗೂ ಇದೇ ಮಾತು. ಕರೆಂಟ್ ಹೋದಾಗ ಜನರೇಟರನ್ನು ಮನೆಯೊಳಗೆ ಅಥವಾ ಕಿಟಕಿ ಪಕ್ಕ ಓಡಿಸುವವರಿಗೂ ಇದೇ ಮಾತು. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗೆ ಗಾಳಿಗೆ ಕರೆತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಬೀರು, ಬೆಲ್ಟು, ಮದುವೆ ಸೀರೆ ಎಲ್ಲಾ ಬೂಷ್ಟು. ಏನಾದ್ರೂ ಉಪಾಯ ಇದೆಯಾ?

ಪೂರ್ತಿ ತಡೆಯುವ ಉಪಾಯ ಇಲ್ಲ, ಕಡಿಮೆ ಮಾಡಬಹುದು. ಬೀರುವನ್ನು ಗೋಡೆಯಿಂದ ಒಂದು ಅಂಗೈ ದೂರ ಇಡಿ. ಒಳಗೆ ಒತ್ತಿ ತುಂಬಬೇಡಿ. ರೇಷ್ಮೆ ಸೀರೆ ಹತ್ತಿ ಬಟ್ಟೆಯಲ್ಲಿರಲಿ, ಪ್ಲಾಸ್ಟಿಕ್ ಕವರ್ ಬೇಡ. ಸರ್ಟಿಫಿಕೇಟ್, ಜಮೀನಿನ ಕಾಗದಪತ್ರಗಳಿಗೆ ಮಾತ್ರ ಗಟ್ಟಿ ಮುಚ್ಚಳದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಗೋಡೆಯ ಬೂಷ್ಟನ್ನು ಒಣಗಿದ ಪೊರಕೆಯಿಂದ ಗುಡಿಸಿದರೆ ಅದರ ಪುಡಿಯೆಲ್ಲ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೀಚ್ ಬಳಸುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಲೇಬೇಡಿ, ವಿಷಗಾಳಿ ಹುಟ್ಟುತ್ತದೆ. ಉಪ್ಪಿನ ಭರಣಿಗೆ ಹುರಿದ ಅಕ್ಕಿ ಒಂದು ಹಿಡಿ ಹಾಕಿ, ಅಷ್ಟೇ.

ಕರೆಂಟ್ ಹೋದ್ರೆ ಎಷ್ಟು ದಿನಕ್ಕೆ ಬರುತ್ತೆ?

ಗಂಟೆಯಲ್ಲೂ ಬರಬಹುದು, ವಾರವೂ ಹಿಡಿಯಬಹುದು. ನಮ್ಮಲ್ಲಿ ಲೈನುಗಳು ತೋಟದ ಮಧ್ಯೆ ಹೋಗುತ್ತವೆ. ಗಾಳಿ ಬೀಸಿದರೆ ಸಿಲ್ವರ್ ಓಕ್ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಲೈನ್‌ಮನ್‌ಗಳು ಸುರಿವ ಮಳೆಯಲ್ಲೇ ಕಂಬ ಹತ್ತುತ್ತಾರೆ, ಅವರಿಗೆ ಬೈಯಬೇಡಿ. ದೂರಿಗೆ 1912. ತುಂಡಾದ ತಂತಿ ಕಂಡರೆ ಹತ್ತಿರ ಹೋಗದೆ, ದನ, ಮಕ್ಕಳನ್ನೂ ಬಿಡದೆ ಫೋನ್ ಮಾಡಿ.

ಕರೆಂಟ್ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಮೊಬೈಲ್ ಟವರೂ ಮಲಗುತ್ತದೆ. ಆದ್ದರಿಂದ ಮೊದಲ ದಿನವೇ ಚಾರ್ಜ್ ಉಳಿಸಿ. ಟಾರ್ಚ್, ಪವರ್ ಬ್ಯಾಂಕ್, ಸೆಲ್ ಹಾಕುವ ರೇಡಿಯೊ ಒಂದೇ ಜಾಗದಲ್ಲಿರಲಿ, ಕತ್ತಲೆಯಲ್ಲೂ ಕೈಗೆ ಸಿಗಬೇಕು.

ಸಾಲು ಸಾಲು ರಜೆ, ಮಕ್ಕಳು ತಲೆ ತಿಂತಾರೆ. ಏನ್ ಮಾಡಿಸೋದು?

ಕೇರಂ ಬೋರ್ಡ್ ತೆಗೆಯಬೇಡಿ. ಹಲಗೆ ಉಬ್ಬಿ ಕಾಯಿ ಜಾರುವುದಿಲ್ಲ, ಜಗಳ ಬೇರೆ. ಚೆನ್ನೆಮಣೆ ಇದ್ದರೆ ಈಗ ಕೆಳಗಿಳಿಸಿ, ಮಳೆಗಾಲಕ್ಕೆ ಹೇಳಿ ಮಾಡಿಸಿದ ಆಟ ಅದು. ದೊಡ್ಡ ಮಕ್ಕಳಿಗೆ ಮಳೆ ಅಳೆಯುವ ಕೆಲಸ ಕೊಡಿ. ನೇರ ಗೋಡೆಯ ಚಪ್ಪಟೆ ತಳದ ಡಬ್ಬಿಯೊಂದನ್ನು ಮರ, ಮಾಡಿನಿಂದ ದೂರ ಇಟ್ಟು, ದಿನಾ ಒಂದೇ ಹೊತ್ತಿಗೆ ಸ್ಕೇಲಿನಲ್ಲಿ ಅಳೆದು ಬರೆಯಲಿ. ಹಲಸಿನ ಬೀಜ ಸುಲಿಯಲು, ಕೆಂಡದಲ್ಲಿ ಸುಡಲು ಕೂರಿಸಿ. ಮಳೆ ಹೊಳವಾದಾಗ ಅಂಗಳಕ್ಕೆ ಬಿಡಿ, ನೆನೆದರೆ ನೆನೆಯಲಿ, ಒಳಗೆ ಬಂದ ತಕ್ಷಣ ತಲೆ ಒರೆಸಿದರಾಯಿತು. ತೋಡಿನ ಹತ್ತಿರ ಮಾತ್ರ ಒಬ್ಬರನ್ನೇ ಬಿಡಬೇಡಿ. ಇಷ್ಟೆಲ್ಲ ಆದ ಮೇಲೂ "ಬೋರು" ಎಂದರೆ ಸುಮ್ನೆ ಬಿಟ್ಟುಬಿಡಿ. ಬೋರಾಗಲಿ.

ಕಣಿಲೆ, ಕೆಸ, ಮದ್ದು ಸೊಪ್ಪು ಅಂತೆಲ್ಲ ಕೊಟ್ಟು ಹೋಗ್ತಾರೆ. ನನಗೆ ಮಾಡೋಕೇ ಬರಲ್ಲ!

ಅಕ್ಕಪಕ್ಕದವರು ಕೊಟ್ಟು ಹೋಗುತ್ತಾರೆಂದರೆ ನೀವು ಪುಣ್ಯವಂತರು.

ಕಣಿಲೆ, ಅಂದರೆ ಎಳೆ ಬಿದಿರು. ಕೊಡವ ಭಾಷೆಯಲ್ಲಿ ಬೈಂಬಳೆ. ಹಸಿಯಾಗಿ ತಿನ್ನುವಂತಿಲ್ಲ, ಅದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ, ಒಂದೆರಡು ದಿನ ನೀರು ಬದಲಾಯಿಸುತ್ತಾ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ನಂತರ ಪಲ್ಯವೋ ಸಾರೋ ನಿಮ್ಮಿಷ್ಟ. ಅಕ್ಕಿ ರೊಟ್ಟಿ ಜೊತೆ ತಿಂದು ನೋಡಿ.

ಕೆಸದ ಸೊಪ್ಪಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಗಂಟಲು ತುರಿಸುವುದು ಅದರಿಂದಲೇ. ಚೆನ್ನಾಗಿ ಬೇಯಿಸಿ, ಹುಳಿ ಧಾರಾಳ ಹಾಕಿ. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ ರಸ, ಇದ್ದರೆ ಬಹಳ ಒಳ್ಳೆಯದು. ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ.

ಮದ್ದು ಸೊಪ್ಪು ಕೊಡವರ ಕಕ್ಕಡ ತಿಂಗಳ 18ನೇ ದಿನದ್ದು. ಸಾಮಾನ್ಯವಾಗಿ ಆಗಸ್ಟ್ 3ಕ್ಕೆ ಬರುತ್ತದೆ. ಅವತ್ತು ಈ ಗಿಡದಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾಗಿ ಬಂದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ. ಹೊಸ ಸೊಸೆಯಂದಿರಿಗೆ ಇದನ್ನು ಮೊದಲೇ ಯಾಕೆ ಹೇಳುವುದಿಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ತಮಾಷೆ ನೋಡಲಿಕ್ಕೇ ಇರಬೇಕು.

ಅಣಬೆ ಮಾತ್ರ ಗುರುತಿದ್ದವರು ಕಿತ್ತದ್ದನ್ನೇ ತಿನ್ನಿ. ಫೋಟೊ ನೋಡಿ ಗುರುತು ಹಿಡಿಯಬೇಡಿ.

## ಹೊರಗೆ ಕಾಲಿಟ್ಟರೆ

ಜಿಗಣೆ ಕಚ್ಚಿದ್ರೆ ರಕ್ತ ನಿಲ್ಲೋದೇ ಇಲ್ವಲ್ಲ?

ಕಚ್ಚುವಾಗ ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಬಿಡುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಸುರಿಯುತ್ತದೆ, ಗಾಬರಿ ಬೇಡ. ಎಳೆದು ಕೀಳದೆ ಉಗುರಿನಿಂದ ಬಾಯಿಯ ಬದಿ ಜಾರಿಸಿ ಬಿಡಿಸಿ, ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ತೋಟಕ್ಕೆ ಹೋಗುವ ಮುಂಚೆ ಗಮ್‌ಬೂಟಿನ ಅಂಚಿಗೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸವರಿದರೆ ಹತ್ತುವುದು ಕಡಿಮೆ.

ಬಾವಿ ನೀರು ಕೆಂಪಾಗಿದೆ. ಕುದಿಸಿದ್ರೆ ಸಾಕಾ?

ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಆಮೇಲೆ ಕೊತಕೊತ ಕುದಿಸಿ. ಕೆಂಪು ಮಣ್ಣಿಗಿಂತ ಅದರ ಜೊತೆ ಬಂದ ಕೊಟ್ಟಿಗೆ ನೀರಿನದ್ದೇ ಭಯ. ಬಾವಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಹಾಕಿ, ಒಂದು ಗಂಟೆ ಬಿಟ್ಟು ಬಳಸಬಹುದು. ನೀರು ಕಲಕಿದ್ದರೆ ಪೌಡರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಂಚಾಯಿತಿಯವರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ.

ನಾಟಿ ಮುಗಿಸಿ ಬಂದ್ಮೇಲೆ ಜ್ವರ, ಮೈಕೈ ನೋವು. ಮಳೆಯಲ್ಲಿ ನೆನೆದಿದ್ದಕ್ಕೆ ಅಲ್ವಾ?

ಇರಬಹುದು. ಆದರೆ ಇಲಿ ಜ್ವರವೂ ಇರಬಹುದು. ಇಲಿಯ ಮೂತ್ರ ಸೇರಿದ ಗದ್ದೆ ನೀರು ಕಾಲಿನ ಗಾಯದ ಮೂಲಕ ಒಳಗೆ ಹೋದರೆ ಬರುತ್ತದೆ. ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಇದರ ಗುರುತು. ಕಷಾಯ ಕುಡಿದು ದಿನ ದೂಡಬೇಡಿ. "ಗದ್ದೆಗೆ ಇಳಿದಿದ್ದೆ" ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳದಿದ್ದರೂ ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ರಜೆ ಸಿಕ್ಕಿದೆ, ಅಬ್ಬಿ ಫಾಲ್ಸ್ ಚೆನ್ನಾಗಿ ಧುಮುಕ್ತಿರುತ್ತೆ. ಹೋಗಿ ಬರಬಹುದಾ?

ರಸ್ತೆ ಸರಿಯಿಲ್ಲ, ಮರ ಬೀಳುತ್ತಿದೆ, ಹೊಳೆ ತುಂಬಿದೆ ಎಂದೇ ರಜೆ ಕೊಟ್ಟದ್ದು. ಅದೇ ರಸ್ತೆಯಲ್ಲಿ ಫಾಲ್ಸಿಗೆ ಹೊರಟರೆ ರಜೆ ಕೊಟ್ಟು ಏನು ಬಂತು? ಸಂಪಾಜೆ ಘಾಟಿ, ಮಾಕುಟ್ಟ ರಸ್ತೆ ಇವೆಲ್ಲ ಯಾವ ಗಳಿಗೆಯಲ್ಲಿ ಮುಚ್ಚುತ್ತವೋ ಹೇಳಲಾಗದು. ಸೆಪ್ಟೆಂಬರ್ ಕೊನೆಗೆ ಬನ್ನಿ. ಆಗಲೂ ನೀರಿರುತ್ತದೆ.

## ಮಾಡು, ಮರ, ಬರೆ

ಮಳೆಗಾಲಕ್ಕೆ ತಯಾರಿ ಯಾವಾಗ ಶುರು ಮಾಡಬೇಕು?

ಮೇ ತಿಂಗಳಲ್ಲಿ. ಜುಲೈನಲ್ಲಿ ಮಾಡಿನ ಮೇಲೆ ಹತ್ತುವವರು ಸಿಗುವುದಿಲ್ಲ, ಸಿಕ್ಕರೂ ಹತ್ತಿಸಬಾರದು, ಪಾಚಿ ಜಾರುತ್ತದೆ. ಒಡೆದ ಹೆಂಚು ಬದಲಾಯಿಸುವುದು, ಎಲೆ ಕಟ್ಟಿದ ಪೈಪ್ ಬಿಡಿಸುವುದು, ಸೌದೆಯನ್ನು ನೆಲದಿಂದ ಎತ್ತರಕ್ಕೆ ಒಟ್ಟುವುದು, ಮನೆಗೆ ವಾಲಿದ ಕೊಂಬೆ ಕಡಿಸುವುದು ಎಲ್ಲ ಆಗಲೇ ಮುಗಿಯಬೇಕು. ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ನಡೆಯುವಾಗಲೇ ಮನೆ ಸುತ್ತಲಿನದ್ದನ್ನೂ ಮಾಡಿಸಿದರೆ ಕೂಲಿ ಉಳಿಯುತ್ತದೆ. ತೋಟದ ಮಾಲೀಕರು ತಮ್ಮ ಮನೆಯ ಹೆಂಚು ನೋಡಿಸುವ ದಿನವೇ ಕಾರ್ಮಿಕರ ಲೈನ್ ಮನೆಗಳ ಮಾಡನ್ನೂ ನೋಡಿಸಲಿ. ಸೋರುವುದು ಹೆಚ್ಚು ಅಲ್ಲೇ.

ಸಿಡಿಲಿನ ಹೆದರಿಕೆ ಮುಂಗಾರಿನ ಮಧ್ಯದಲ್ಲಿ ಕಡಿಮೆ. ಅದು ಏಪ್ರಿಲ್, ಮೇ ಮತ್ತು ಅಕ್ಟೋಬರ್ ಮಳೆಯ ಪಾಡು. ಆಗ ಟೀವಿ, ಮೋಡೆಮ್ ಪ್ಲಗ್ ಕೀಳಿ.

ಮನೆ ಹಿಂದಿನ ಬರೆ ಕುಸಿಯುತ್ತಾ ಅಂತ ಮೊದಲೇ ಗೊತ್ತಾಗುತ್ತಾ?

ಎಷ್ಟೋ ಸಲ ಗುರುತು ಸಿಗುತ್ತದೆ, ಪ್ರತಿ ಸಲ ಅಲ್ಲ. ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಮೇಲ್ಭಾಗದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕಂಬ ವಾಲುವುದು. ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಸಿಕ್ಕಿಕೊಳ್ಳುವುದು. ನೀರೇ ಇಲ್ಲದ ಕಡೆ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಸರಾಗುವುದು. ಸುರಿವ ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ ಎಂದು ಲೆಕ್ಕ, ಅದು ಒಡೆದು ಬರಬಹುದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ.

2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟ ಜಾರಿತು. 2019ರಲ್ಲಿ ತೋರ, ಕೋರಂಗಾಲ. 2020ರಲ್ಲಿ ತಲಕಾವೇರಿಯ ಗಜಗಿರಿ. ಮೂರೂ ಆಗಸ್ಟ್‌ನಲ್ಲೇ ಆದದ್ದು. ಜೂನ್, ಜುಲೈ ಮಳೆಗೆ ಮಣ್ಣು ಕುಡಿಯುವಷ್ಟು ಕುಡಿದಿರುತ್ತದೆ, ಅದರ ಮೇಲೆ ನಾಲ್ಕು ದಿನ ಬಿಡದೆ ಸುರಿದರೆ ಹಿಡಿತ ತಪ್ಪುತ್ತದೆ. ಹಾಗಾಗಿ "ಜುಲೈ ದಾಟಿತು, ಇನ್ನು ಪರವಾಗಿಲ್ಲ" ಎನ್ನುವಂತಿಲ್ಲ.

ಟಾರ್ಪಾಲು ಹೊದಿಸಿದರೆ ಮೇಲಿನ ಮಣ್ಣು ಕೊಚ್ಚುವುದು ಕಡಿಮೆಯಾಗುತ್ತದೆ, ಒಳಗೆ ಇಳಿದ ನೀರಿಗೆ ಅದರಿಂದ ಏನೂ ಆಗದು. ಬರೆಯ ಮೇಲೆ ಚರಂಡಿ ತೆಗೆದು ನೀರನ್ನು ಬದಿಗೆ ತಿರುಗಿಸುವುದು, ತಡೆಗೋಡೆಗೆ ನೀರು ಹೊರಬರುವ ತೂತು ಬಿಡುವುದು ಇದಕ್ಕಿಂತ ಮುಖ್ಯ. ಜೆಸಿಬಿ ಸಿಕ್ಕಿತೆಂದು ಮನೆ ಹಿಂದಿನ ಗುಡ್ಡವನ್ನು ನೆಟ್ಟಗೆ ಕಡಿಸಿ ಅಂಗಳ ದೊಡ್ಡದು ಮಾಡಿಸುವ ಹುಚ್ಚು ಈಗೀಗ ಜಾಸ್ತಿಯಾಗಿದೆ. ಒಂದು ಕಾರು ನಿಲ್ಲಿಸುವ ಜಾಗಕ್ಕಾಗಿ ಇದು ಬೇಕಾ?

ಮನೆ ಬಿಟ್ಟು ಹೋಗಿ ಅಂತ ನೋಟಿಸ್ ಕೊಟ್ಟಿದ್ದಾರೆ. ದನ, ನಾಯಿ ಬಿಟ್ಟು ಹೇಗೆ ಹೋಗೋದು?

ಈ ಪ್ರಶ್ನೆ ಕೇಳುವವರಿಗೆ ಉಪದೇಶ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಹೋಗಿ. ಹಗಲಲ್ಲೇ ಹೋಗಿ. ದನಗಳನ್ನು ಮುಂಚಿತವಾಗಿ ನೆಂಟರ ಕೊಟ್ಟಿಗೆಗೆ ದಾಟಿಸಲು ಆದರೆ ಒಳ್ಳೆಯದು, ಆಗದಿದ್ದರೆ ಹಗ್ಗ ಬಿಚ್ಚಿ ಬಿಡಿ, ಕಟ್ಟಿಹಾಕಿ ಹೋಗಬೇಡಿ. ನಾಯಿಯನ್ನು ಜೊತೆಗೆ ಕರೆದೊಯ್ಯಿರಿ, ಕೋಳಿಗೂಡು ತೆರೆದಿಡಿ. ಆಧಾರ್, ಪಡಿತರ ಚೀಟಿ, ಆರ್‌ಟಿಸಿ, ಬ್ಯಾಂಕ್ ಪುಸ್ತಕ, ದಿನದ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಒಂದೇ ಚೀಲದಲ್ಲಿರಲಿ. ಮೇನ್ ಸ್ವಿಚ್, ಗ್ಯಾಸ್ ಆರಿಸಿ. ಜಿಲ್ಲೆಯ ಕಂಟ್ರೋಲ್ ರೂಮಿನ ನಂಬರ್ 1077, ತುರ್ತಿಗೆ 112. ಮಳೆ ನಿಂತ ಕೂಡಲೇ ವಾಪಸ್ ಬರಬೇಡಿ, ಮಣ್ಣು ಆಮೇಲೂ ಜಾರುತ್ತದೆ.

ಮಾಡಿನ ಮೇಲೆ ಮರ ಬಿತ್ತು. ಮೊದಲು ತೆರವು ಮಾಡ್ಬೇಕಾ, ಫೋಟೊ ತೆಗೀಬೇಕಾ?

ಮೊದಲು ಜನ ಹೊರಗೆ, ಆಮೇಲೆ ಮೇನ್ ಸ್ವಿಚ್, ಆಮೇಲೆ ಫೋಟೊ, ಕೊನೆಗೆ ಗರಗಸ. ಮರ ತಂತಿಯನ್ನೂ ಎಳೆದು ಬಿದ್ದಿದ್ದರೆ ಲೈನ್‌ಮನ್ ಬರುವವರೆಗೆ ಯಾರೂ ಮುಟ್ಟಬೇಡಿ. ಹೊರಗಿನಿಂದ, ಒಳಗಿನಿಂದ, ಒಡೆದ ಸಾಮಾನಿನದ್ದು ಎಲ್ಲ ಫೋಟೊ ಇರಲಿ. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ಫೋನ್ ಮಾಡಿ, ಲಿಖಿತ ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಶೀಲನೆಗೆ ಬರುವುದು ತಡವಾದರೆ ಸೋರುವ ಮನೆಯಲ್ಲಿ ಕಾಯುತ್ತಾ ಕೂರಲಾಗುವುದಿಲ್ಲ, ಟಾರ್ಪಾಲು ಕಟ್ಟಿಸಿ. ಕೂಲಿ, ಟಾರ್ಪಾಲು, ಹೆಂಚಿನ ಬಿಲ್ಲುಗಳನ್ನು ಅರ್ಜಿಯ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ.